ಹಿಮ್ಮಡಿಯ ಕಲ್ಲು

ನಮ್ಮ ಮನೆಯ ಬಚ್ಚಲಲ್ಲಿ ಒಂದು ಕಲ್ಲಿದೆ. ನಿಜವಾಗಿ ಅದು ಕಲ್ಲಲ್ಲ, ಕಬ್ಬಿಣದ ಕಿಟ್ಟ. ಭದ್ರಾವತಿಯ ಕುಲುಮೆಯಲ್ಲಿ ಅದಿರು ಕರಗಿ ಕಬ್ಬಿಣ ಕೆಳಗೆ ಇಳಿದಾಗ ಮೇಲೆ ನೊರೆ ತೇಲುತ್ತದಲ್ಲ, ಅದನ್ನು ಹೊರಗೆ ಸುರಿದರೆ ಆರಿ ಹೀಗಾಗುತ್ತದೆ. ಜೇನುಹುಟ್ಟಿನ ಹಾಗೆ ತೂತು ತೂತು, ಕೈಗೆ ಹಗುರ. ಹೋದ ವಾರ ಮನೆಗೆ ಬಂದಿದ್ದ ನೆಂಟರೊಬ್ಬರು ಸ್ನಾನಕ್ಕೆ ಹೋದವರು ಅದನ್ನು ಒಲೆಯ ಬೂದಿಗಡ್ಡೆ ಎಂದುಕೊಂಡು ಹಿತ್ತಿಲಿಗೆ ಎಸೆದುಬಿಟ್ಟರು. ನಾನು ಪಂಚೆ ಎತ್ತಿ ಕಟ್ಟಿ ಕೆಸುವಿನ ಗಿಡಗಳ ನಡುವೆ ಅರ್ಧ ಬೆಳಗ್ಗೆ ಹುಡುಕಿದೆ. ನನ್ನ ಹೆಂಡತಿ ಬೇಲಿಯಾಚೆ ಇಳಿದು ಹುಡುಕಿ ತಂದಳು. ನೆಂಟರು ಗಾಬರಿಯಾಗಿ, ಅದರೊಳಗೆ ಚಿನ್ನ ಅಡಗಿಸಿಟ್ಟಿದ್ದಿರಾ ಎಂದು ಕೇಳಿದರು.

ಚಿನ್ನವಿರಲಿಲ್ಲ. ಅದು ನನ್ನ ಅಕ್ಕನ ಮನೆಯಿಂದ ಬಂದ ಹಿಮ್ಮಡಿ ಉಜ್ಜುವ ಕಲ್ಲು, ಅಷ್ಟೆ. ಆದರೆ ಅದು ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ನನ್ನ ಬಾಯಿ ನೆನಪಾಗುತ್ತದೆ. ಕಾಲಿನ ಕಲ್ಲಿಗೂ ಬಾಯಿಗೂ ಏನು ಸಂಬಂಧ ಎಂದು ನೀವು ಕೇಳಿಯೇ ಕೇಳುತ್ತೀರಿ. ಹೇಳುತ್ತೇನೆ. ನಾನು ಓದಿದ್ದು ಮೂರನೆಯ ಕ್ಲಾಸಿನವರೆಗೆ, ಅದರಲ್ಲೂ ಮೂರನೆಯದನ್ನು ಎರಡು ಸಲ. ಆದ್ದರಿಂದ ಹೇಳುವುದು ಸ್ವಲ್ಪ ಅಲ್ಲಿ ಇಲ್ಲಿ ತಿರುಗಿ ಬರಬಹುದು. ಮಾತಿನಲ್ಲಿ ಮಾತ್ರ ನಾನು ಎಂದೂ ಹಿಂದೆ ಬಿದ್ದವನಲ್ಲ. ತೊಂದರೆಯಾದದ್ದೂ ಅದರಿಂದಲೇ.

ಶಿವಮೊಗ್ಗದ ಪೇಟೆಯಲ್ಲಿ ಬಾಷಾ ಸಾಹೇಬರ ಬಳೆ ಅಂಗಡಿಯಲ್ಲಿ ನಾನು ಬಹಳ ವರ್ಷ ಕೂತಿದ್ದೆ. ಬಳೆ ತೊಡಿಸುವುದೆಂದರೆ ಏನೆಂದು ಗಂಡಸರಿಗೆ ಗೊತ್ತಿಲ್ಲ. ಗಾಜಿನ ಬಳೆ ಮಣಿಕಟ್ಟಿನಲ್ಲಿ ಚೆನ್ನಾಗಿ ಕೂರಬೇಕಾದರೆ ಅದು ಅಂಗೈಗಿಂತ ಚಿಕ್ಕದಿರಬೇಕು. ಚಿಕ್ಕ ಬಳೆ ಅಂಗೈ ದಾಟಬೇಕಾದರೆ ಹೆಬ್ಬೆರಳಿನ ಬುಡವನ್ನು ಒಳಕ್ಕೆ ಮಡಿಸಿ ಹಿಂಡಬೇಕು. ಹಿಂಡಿದರೆ ನೋವು, ನೋವಾದರೆ ಕೈ ಬಿಗಿಯುತ್ತದೆ, ಬಿಗಿದ ಕೈಯಲ್ಲಿ ಬಳೆ ಒಡೆಯುತ್ತದೆ. ಹಾಗಾಗಿ ಹಿಂಡುವ ಗಳಿಗೆಯಲ್ಲಿ ಆ ಹೆಂಗಸಿನ ಮನಸ್ಸು ಕೈಯಲ್ಲಿ ಇರಬಾರದು. ಸಾಹೇಬರು ಅದಕ್ಕಾಗಿ ಮನೆಯ ಮಕ್ಕಳ ಸುದ್ದಿ ಕೇಳುತ್ತಿದ್ದರು. ನಾನು ಕಥೆ ಹೇಳುತ್ತಿದ್ದೆ. ನಗು ಬಂದ ಕ್ಷಣ ಕೈ ಸಡಿಲ, ಅದೇ ಕ್ಷಣದಲ್ಲಿ ಬಳೆ ಒಳಗೆ. ಕೈ ಮೆತ್ತಗಿದ್ದರೆ ಸಣ್ಣ ಕಥೆ ಸಾಕು. ಗಟ್ಟಿ ಕೈಗೆ ದೊಡ್ಡ ಕಥೆಯೇ ಬೇಕು.

ಗಂಡಹೆಂಡಿರ ಪ್ರೀತಿಯನ್ನು ನಾನು ಕಲಿತದ್ದು ಆ ಅಂಗಡಿಯ ಕಟ್ಟೆಯ ಮೇಲೆ. ಗಾಜನೂರಿನ ರೈತನೊಬ್ಬ ಸಂತೆಯ ದಿನ ಒಬ್ಬನೇ ಬರುತ್ತಿದ್ದ. ಯಾವ ಅಳತೆ ಎಂದರೆ ಹೆಬ್ಬೆರಳು ತೋರುಬೆರಳು ಸೇರಿಸಿ "ಇಷ್ಟು" ಎನ್ನುತ್ತಿದ್ದ. ಆಮೇಲೆ ಹೆಂಡತಿಯನ್ನು ನೆನೆಸಿಕೊಂಡಂತೆ ಆ ಉಂಗುರ ಸ್ವಲ್ಪ ಕುಗ್ಗುತ್ತಿತ್ತು, ಮತ್ತೆ ಹಿಗ್ಗುತ್ತಿತ್ತು. ಸವಳಂಗದ ರಸ್ತೆಯ ಕಡೆಯವನೊಬ್ಬ ಹೆಂಡತಿ ಮಲಗಿದ್ದಾಗ ಬಾಳೆನಾರಿನಲ್ಲಿ ಅವಳ ಕೈ ಅಳೆದು, ಆ ನಾರನ್ನು ರುಮಾಲಿನೊಳಗೆ ಬಚ್ಚಿಟ್ಟುಕೊಂಡು ಬಂದಿದ್ದ. ಅಂಗಡಿಯಲ್ಲಿ ರುಮಾಲು ಬಿಚ್ಚಲು ನಾಚಿ, ಮೂಲೆಗೆ ತಿರುಗಿ ಬಿಚ್ಚಿದ. ಇನ್ನೊಬ್ಬ ಹೆಂಡತಿಯ ಜೊತೆಗೇ ಬರುತ್ತಿದ್ದ. ನಾನು ಅವಳ ಕೈ ಹಿಂಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದವನು ಅವನು. ಈಗಿನ ಜೋಡಿಗಳು ಜಟಕಾದಲ್ಲಿ ಪಕ್ಕಪಕ್ಕ ಕೂತು ಸಿನಿಮಾ ಡೇರೆಗೆ ಹೋಗುತ್ತಾರೆ. ಹೋಗಲಿ, ಚೆನ್ನಾಗಿದೆ. ಆಗ ಗಂಡ ಹತ್ತು ಮಾರು ಮುಂದೆ ನಡೆಯುತ್ತಿದ್ದ, ಹೆಂಡತಿ ಹಿಂದೆ. ಆದರೆ ತಿರುವಿನಲ್ಲಿ ಅವನಿಗೆ ತಪ್ಪದೆ ಕೆಮ್ಮು ಬರುತ್ತಿತ್ತು, ಕೆಮ್ಮಲು ನಿಂತವನು ಒಮ್ಮೆ ಹಿಂದೆ ನೋಡುತ್ತಿದ್ದ.

ವರ್ಷಕ್ಕೊಂದು ದಿನ ಮಾತ್ರ ಎಲ್ಲ ಬಹಿರಂಗ. ಅದು ಆಷಾಢದ ಕೊನೆಯ ಭೀಮನ ಅಮಾವಾಸ್ಯೆ, ಗಂಡನ ಪೂಜೆಯ ದಿನ. ಹೆಂಡತಿ ಗಂಡನನ್ನು ಮಣೆಯ ಮೇಲೆ ಕೂರಿಸಿ, ಪಾದ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು ನಮಸ್ಕರಿಸುತ್ತಾಳೆ. ಮದುವೆಯಾದ ಮೇಲೆ ಒಂಬತ್ತು ವರ್ಷ ಬಿಡದೆ ಮಾಡಬೇಕು. ಅದರಲ್ಲಿ ಹೆಂಡತಿಯ ತಮ್ಮನಿಗೂ ಒಂದು ಕೆಲಸವಿದೆ. ಹೊಸಿಲ ಮೇಲೆ ಹಿಟ್ಟಿನ ಕಡುಬು ಇಟ್ಟಿರುತ್ತಾರೆ, ಒಳಗೆ ಒಂದು ಕಾಸು. ತಮ್ಮನಾದವನು ಬಂದು ಅದನ್ನು ಮೊಣಕೈಯಿಂದ ಗುದ್ದಿ ಒಡೆಯಬೇಕು. ಭಂಡಾರ ಒಡೆಯುವುದು ಎನ್ನುತ್ತಾರೆ. ಒಡೆದ ಮೇಲೇ ಅಕ್ಕನ ಪೂಜೆ ಮುಗಿದಂತೆ, ಅವಳ ಉಪವಾಸ ಬಿಟ್ಟಂತೆ. ಹಾಗೆ ನಾನು ನನ್ನ ಗೌರಕ್ಕನ ಹೊಸಿಲಿಗೆ ವರ್ಷವರ್ಷವೂ ಹೋದವನು.

ಗೌರಕ್ಕನ ಗಂಡ ರುದ್ರಪ್ಪ, ಅಂದರೆ ನನ್ನ ಭಾವ, ಭದ್ರಾವತಿಯ ಕುಲುಮೆಯಲ್ಲಿ ಕೆಲಸಕ್ಕಿದ್ದರು. ಎತ್ತರದ ಆಳು. ಮಾತು ಕಡಿಮೆ ಎನ್ನುವುದಕ್ಕಿಂತ ಇಲ್ಲವೇ ಇಲ್ಲ ಎನ್ನಬಹುದು. ಹೊಸದಾಗಿ ಮದುವೆಯಾದವರು ಆಷಾಢದಲ್ಲಿ ಬೇರೆ ಇರಬೇಕಲ್ಲ. ಮೊದಲ ವರ್ಷ ಅಕ್ಕ ನಮ್ಮ ಮನೆಯಲ್ಲೇ ಇದ್ದಳು, ಭಾವ ಪೂಜೆಗೆಂದು ರೈಲು ಹತ್ತಿ ಶಿವಮೊಗ್ಗಕ್ಕೆ ಬಂದರು. ಅಕ್ಕ ಪಾದ ತೊಳೆಯುವಾಗ ಅವರ ಕಾಲ್ಬೆರಳುಗಳು ಆಮೆಯ ತಲೆಯ ಹಾಗೆ ಒಳಕ್ಕೆ ಸೇದಿಕೊಂಡವು. ಬೆರಳು ಬಿಡಿ, ಹೂವು ನಿಲ್ಲಲ್ಲ ಎಂದು ಅಮ್ಮ ಬಾಗಿಲ ಹಿಂದಿನಿಂದ ಹೇಳಬೇಕಾಯಿತು. ಆ ಕಾಲುಗಳು ಬೆಳ್ಳಗೆ, ಮೆತ್ತಗೆ ಇದ್ದವು. ಕುಲುಮೆಯ ಮುಂದೆ ನಿಲ್ಲುವವನಿಗೆ ಇಂಥ ಸಾಹುಕಾರನ ಕಾಲು ಹೇಗೆ ಬಂತು ಎಂದು ನನಗೆ ಸೋಜಿಗ.

ಆಮೇಲಿನ ವರ್ಷಗಳಲ್ಲಿ ನಾನೇ ಭದ್ರಾವತಿಗೆ ಹೋಗತೊಡಗಿದೆ. ಕೆಲಸಗಾರರ ಮನೆಗಳು ಒಂದಕ್ಕೊಂದು ಅಂಟಿ ಸಾಲಾಗಿದ್ದವು, ಅಕ್ಕನದು ಕೊನೆಯ ಮನೆ. ಆ ಮನೆಯಲ್ಲಿ ಯಾರೂ ಯಾರ ಹೆಸರನ್ನೂ ಕರೆಯುತ್ತಿರಲಿಲ್ಲ. ಕಾರ್ಖಾನೆಯ ಸಿಳ್ಳೆ ಕೂಗಿದರೆ ಅಕ್ಕ ಅನ್ನಕ್ಕೆ ಎಸರಿಡುತ್ತಿದ್ದಳು. ಸಾಲಿನ ತುದಿಯಲ್ಲಿ ಎರಡು ಸಲ ಕೆಮ್ಮು ಕೇಳಿದರೆ ಗಂಜಿ ಬಸಿಯುತ್ತಿದ್ದಳು. ಭಾವ ಕೆಲಸಕ್ಕೆ ಹೊರಟಾಗ ಕುತ್ತಿಗೆಗೆ ಸುತ್ತುವ ಟವೆಲನ್ನು ಮಜ್ಜಿಗೆ ನೀರಿನಲ್ಲಿ ಅದ್ದಿ ಹಿಂಡಿ ಕೊಡುತ್ತಿದ್ದಳು, ಕುಲುಮೆಯ ಕಾವಿಗೆ. ಅದು ಹುಳಿ ವಾಸನೆ ಹೊಡೆಯುತ್ತಿತ್ತು. ಆ ವಾಸನೆಯನ್ನು ಹೊತ್ತು ಭಾವ ಸೇನಾಪತಿಯ ಹಾಗೆ ಹೋಗುತ್ತಿದ್ದರು.

ಪೂಜೆಯ ದಿನ ನಾನು ಭಂಡಾರ ಒಡೆದು, ಊಟ ಮಾಡಿ ಕೈ ತೊಳೆಯುತ್ತಿದ್ದಂತೆ ಭಾವ ತಮ್ಮ ವರ್ಷದ ಒಂದು ಮಾತನ್ನು ಆಡುತ್ತಿದ್ದರು. "ತಿಮ್ಮಯ್ಯ, ಹೊಳೆ ಸೇತುವೆ ಹತ್ರ ಒಬ್ಬ ಎಲೆ ಮಾರ್ತಾನೆ. ಒಳ್ಳೆ ಎಲೆ. ನಿಧಾನಕ್ಕೆ ಆರಿಸ್ಕೊಂಡು ಬಾ." ಸಾಲಿನ ಹತ್ತಿರವೇ ವೀಳ್ಯದೆಲೆ ಅಂಗಡಿ ಇದ್ದರೂ ಅಷ್ಟು ದೂರ ಕಳಿಸುವುದು, ಎಲೆ ಆರಿಸುವುದರಲ್ಲಿ ನನಗಿದ್ದ ನೈಪುಣ್ಯದಿಂದ ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ. ಎಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಮಾರುವವನಿಗೆ ಬುದ್ಧಿ ಹೇಳುತ್ತಿದ್ದೆ.

ನಾಲ್ಕನೆಯ ವರ್ಷ ಎಲೆಯವನು ಬಂದಿರಲಿಲ್ಲ. ನಾನು ಬೇಗ ಹಿಂತಿರುಗಿದೆ. ಮುಂದಿನ ಬಾಗಿಲು ಹಾಕಿತ್ತು, ಹಿತ್ತಿಲಿಗೆ ಸುತ್ತಿ ಬಂದೆ. ಅಲ್ಲಿಯ ಬಾಗಿಲು ಒಂದು ಗೇಣು ತೆರೆದಿತ್ತು.

ಬೆಳಗ್ಗೆ ಭಾವ ಕೂತಿದ್ದ ಮಣೆಯ ಮೇಲೆ ಅಕ್ಕ ಕೂತಿದ್ದಳು. ಭಾವನ ಪಾದ ತೊಳೆದಿದ್ದ ಅದೇ ಹಿತ್ತಾಳೆಯ ತಟ್ಟೆಯಲ್ಲಿ ಈಗ ಅವಳ ಕಾಲು, ಬಿಸಿನೀರಿನ ಹಬೆ. ಭಾವ ಕುಕ್ಕರುಗಾಲಿನಲ್ಲಿ ಕೂತು, ಕಿಟ್ಟದ ಕಲ್ಲು ಹಿಡಿದು ಅವಳ ಹಿಮ್ಮಡಿ ಉಜ್ಜುತ್ತಿದ್ದರು. ಪಕ್ಕದಲ್ಲಿ ಜೇನುಮೇಣ ಕರಗಿಸಿದ ಎಣ್ಣೆಯ ಬಟ್ಟಲು. ಅಕ್ಕ ಕಚಗುಳಿಗೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು, ಭಾವ ಏನೋ ಹೇಳುತ್ತಿದ್ದರು, ಹೇಳುತ್ತಲೇ ಇದ್ದರು. ಆ ಮನುಷ್ಯನಿಗೆ ಅಷ್ಟು ಮಾತು ಇದೆಯೆಂದೇ ನನಗೆ ತಿಳಿದಿರಲಿಲ್ಲ. ನಾನು ಹೆಜ್ಜೆ ಸಪ್ಪಳವಾಗದಂತೆ ಹಿಂದೆ ಸರಿದು ಸಾಲಿನ ತುದಿಯಲ್ಲಿ ಹೋಗಿ ನಿಂತೆ. ಆಗ ನನಗೆ ನಗು ಬರಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ನಾನು ಮಾಡಿದ್ದು ತಿಳಿಯದೆ ಮಾಡಿದ್ದಲ್ಲ.

ಶ್ರಾವಣದಲ್ಲಿ ಒಂದು ದಿನ ಅಂಗಡಿಗೆ ನಾಲ್ಕೈದು ಹೆಂಗಸರು ಬಂದರು. ಅವರಲ್ಲಿ ಚೌಡಮ್ಮ ಎಂಬವಳ ಕೈ ಒನಕೆಯ ತುದಿಯ ಹಾಗಿತ್ತು. ಅವಳಿಗೆ ಚಿಕ್ಕ ಅಳತೆಯ ಹಸಿರು ಬಳೆಯೇ ಬೇಕು. ಮೊದಲನೆಯದು ಒಡೆಯಿತು, ಎರಡನೆಯದೂ ಒಡೆಯಿತು. ಸಾಹೇಬರು ನಮಾಜಿಗೆ ಹೋಗಿದ್ದರು. ನನ್ನ ಹಳೆಯ ಕಥೆಗಳೆಲ್ಲ ಆ ಕೈಯ ಮುಂದೆ ಸೋತವು. ಆಗ ನಾನು ಆ ಕಥೆ ತೆಗೆದೆ.

ಹೆಂಡತಿಯ ಪಾದಪೂಜೆ ಮಾಡುವ ಗಂಡನ ಕಥೆ. ಹೆಸರು ಹೇಳಲಿಲ್ಲ, ಅದೇ ನನ್ನ ಜಾಣತನ. ಕಟ್ಟೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಅಭಿನಯಿಸಿ ತೋರಿಸಿದೆ. ಭಾವನ ಎತ್ತರದ ದೇಹ ಮಡಿಚಿಕೊಂಡದ್ದನ್ನು, ಕುತ್ತಿಗೆಯ ಹುಳಿ ಟವೆಲನ್ನು, ನೊರೆಕಲ್ಲನ್ನು, ಒಂದನ್ನೂ ಬಿಡಲಿಲ್ಲ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

"ಯಾರೋ ಮಾರಾಯ ಆ ಪುಣ್ಯಾತ್ಮ?" ಎಂದಳು ಚೌಡಮ್ಮ, ಕಣ್ಣೊರೆಸಿಕೊಂಡು.

"ಇದಾನೆ ಭದ್ರಾವತೀಲಿ. ಕುಲುಮೆ ಕೆಲಸದೋನು."

"ಹೌದಾ? ನಾವೂ ಅಲ್ಲಿಯೋರೇ ಕಣಪ್ಪ. ನಮ್ಮ ಸಾಲಿನ ಕೊನೇ ಮನೆಯೋನು ಮಜ್ಜಿಗೆ ಟವೆಲು ಸುತ್ಕೊಂಡೇ ಹೋಗೋದು."

ಅವಳ ಕೈ ಆಗ ಬೆಣ್ಣೆಯ ಹಾಗೆ ಸಡಿಲವಾಗಿತ್ತು. ಡಜನ್ ಬಳೆಯೂ ಏರಿತು, ಒಂದೂ ಒಡೆಯಲಿಲ್ಲ.

ಗೌರಿ ಹಬ್ಬಕ್ಕೆ ಅಕ್ಕ ತವರಿಗೆ ಬಂದಳು. ಪ್ರತಿ ವರ್ಷದಂತೆ ಬಳೆ ತೊಡಲು ಅಂಗಡಿಗೂ ಬಂದಳು. ನಾನು ಅವಳಿಗಾಗಿ ಎತ್ತಿಟ್ಟಿದ್ದ ಚುಕ್ಕಿ ಬಳೆ ತೆಗೆದು ಕೈ ಚಾಚಿದೆ. ಅವಳು ನನ್ನ ಮುಖ ನೋಡಲಿಲ್ಲ. ನನ್ನನ್ನು ದಾಟಿ ಹೋಗಿ, ಒಳಗೆ ಕೂತಿದ್ದ ಸಾಹೇಬರ ಮುಂದೆ ಕೈ ಹಿಡಿದಳು. ಸಾಹೇಬರು ಒಮ್ಮೆ ನನ್ನ ಕಡೆ ನೋಡಿ ತೊಡಿಸಿದರು. ಅವಳು ಹೋದ ಮೇಲೆ ಮಾತ್ರ, ಒಡೆದ ಚೂರು ಗುಡಿಸುತ್ತ, ಏನು ಮಾಡಿದೆ ಎಂದು ಕೇಳಿದರು. ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ.

"ಈ ಕಟ್ಟೆ ಮೇಲೆ ಕೂತು ಎಷ್ಟು ಮನೆ ಸುದ್ದಿ ಕೇಳಿದೀನಿ ನಾನು, ಬೇಟಾ," ಎಂದರು. "ಒಂದಾದ್ರೂ ನಿಂಗೆ ಹೇಳಿದೀನಾ?"

ಇಲ್ಲ, ಒಂದನ್ನೂ ಹೇಳಿರಲಿಲ್ಲ. ಅವರ ಪಕ್ಕದಲ್ಲೇ ವರ್ಷಗಟ್ಟಲೆ ಕೂತಿದ್ದ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಅವರಿಗೆ ಸುದ್ದಿಯೇ ಗೊತ್ತಿಲ್ಲ ಎಂದುಕೊಂಡಿದ್ದೆ.

ಮುಂದಿನ ಆಷಾಢದಲ್ಲಿ ಅಕ್ಕ ಕರೆಯುವುದಿಲ್ಲವೇನೋ ಎಂದು ಹೆದರಿದ್ದೆ. ಕರೆದಳು. ಭಂಡಾರಕ್ಕೆ ಬೇರೆ ತಮ್ಮ ಇರಲಿಲ್ಲ ಅವಳಿಗೆ. ಪೂಜೆ ಆಯಿತು, ಹೊಸಿಲ ಮೇಲೆ ಕೂತು ಕಡುಬು ಗುದ್ದಿದೆ, ಊಟವಾಯಿತು. ಕೈ ತೊಳೆದು ನಿಂತೆ, ಎಲೆ ತರಲು ಹೇಳುತ್ತಾರೆಂದು. ಭಾವ ಎಲೆಯ ತಟ್ಟೆಯನ್ನು ನನ್ನ ಮುಂದೆ ತಳ್ಳಿದರು. ಆಗಲೇ ತಂದಿಟ್ಟಿದ್ದರು. ಆಮೇಲೆ ಬೂಟು ಹಾಕಿಕೊಂಡು ಕೆಲಸಕ್ಕೆ ಹೊರಟುಹೋದರು, ಪಾದದ ಕುಂಕುಮ ಬೂಟಿನೊಳಗೇ ಇರಲಿ ಎಂಬಂತೆ.

ಆಗ ಕಂಡಿತು ಆ ಕಲ್ಲು. ನೀರಿನ ಹಂಡೆ ಅಲುಗದಿರಲೆಂದು ಅದರ ಬುಡಕ್ಕೆ ಸಿಕ್ಕಿಸಿದ್ದರು. ಅಕ್ಕನ ಹಿಮ್ಮಡಿ ಬೇಸಗೆಯ ಕೆರೆಯ ಹಾಗೆ ಬಿರಿದಿತ್ತು. ನಾನು ಅದನ್ನು ನೋಡುತ್ತಿರುವುದನ್ನು ಅವಳೂ ನೋಡಿದಳು, ಸೀರೆಯ ಅಂಚು ಕೆಳಕ್ಕೆ ಎಳೆದುಕೊಂಡಳು.

ಅಂದು ನಾನು ಕೇಳದಿದ್ದರೂ ಅವಳು ತಾನಾಗಿಯೇ ಹೇಳಿದಳು. ಭಾವ ಕೆಲಸಕ್ಕೆ ಹೋದರೆ ಜೊತೆಯವರು ಸಾಲಾಗಿ ಕೂತು ಕಾಲು ಚಾಚುತ್ತಿದ್ದರಂತೆ, ರುದ್ರಣ್ಣ ನಮ್ಮದೂ ಸ್ವಲ್ಪ ತೊಳೀರಿ ಎಂದು. ಒಬ್ಬ ತಮಿಳಿನವನಂತೂ ದಿನವೂ ತಂಬಿಗೆ ತಂದು ಮುಂದಿಡುತ್ತಿದ್ದನಂತೆ. ಹೊಳೆಯ ಬಳಿ ಹೆಂಗಸರು ಅಕ್ಕನಿಗೆ ದಾರಿ ಬಿಡುತ್ತಿದ್ದರಂತೆ, ದೇವರು ಬಂದರು ಸರಿಯಿರಿ ಎಂದು.

"ನಿನ್ನ ಭಾವನಿಗೆ ಕಾಲು ತೊಳೆಯೋಕೆ ಬರ್ತಿತ್ತು," ಎಂದಳು. "ಕಾಲು ಚಾಚಿದವರ ಹತ್ರ ಜಗಳ ಆಡೋಕೆ ಬರಲ್ಲ. ಅದಕ್ಕೇ ಬಿಟ್ಟುಬಿಟ್ರು."

ನಾನು ತಂದಿದ್ದ ಬಳೆಯ ಪೊಟ್ಟಣ ಕೊಟ್ಟೆ. ಆಮೇಲೆ ಹಾಕ್ಕೋತೀನಿ ಎಂದು ಗೂಡಿನಲ್ಲಿಟ್ಟಳು. ಮರುವರ್ಷ ಹೋದಾಗ ಅದು ಅಲ್ಲೇ ಇತ್ತು, ಅದರ ಮೇಲೆ ಇನ್ನೊಂದು ಪೊಟ್ಟಣ ಇಟ್ಟಳು. ಹೀಗೆ ಗೂಡು ತುಂಬುತ್ತ ಬಂತು. ಅಕ್ಕ ನನಗೆ ಊಟಕ್ಕೆ ಕಡಿಮೆ ಮಾಡಲಿಲ್ಲ, ಮಾತಿಗೂ ಕಡಿಮೆ ಮಾಡಲಿಲ್ಲ. ಕೈ ಮಾತ್ರ ಕೊಡಲಿಲ್ಲ. ಹಂಡೆಯ ಕೆಳಗಿನ ಕಲ್ಲು ಅಲ್ಲಿಂದ ಕದಲಲಿಲ್ಲ. ನಾನು ಅಂಗಡಿಯಲ್ಲಿ ಕಥೆ ಹೇಳುವುದನ್ನು ಬಿಟ್ಟಿದ್ದೆ. ಸಾಹೇಬರ ಹಾಗೆ ಮಕ್ಕಳ ಸುದ್ದಿ ಕೇಳಲು ಕಲಿತೆ. ಮೊದಲು ಬಹಳ ಬಳೆ ಒಡೆದವು. ಆಮೇಲೆ ಕಡಿಮೆಯಾಯಿತು. ಕೇಳಿಸಿಕೊಳ್ಳುವವನ ಮುಂದೆಯೂ ಕೈ ಸಡಿಲವಾಗುತ್ತದೆ ಎಂಬುದು ತಡವಾಗಿ ಗೊತ್ತಾಯಿತು.

ಇಷ್ಟು ಬರೆದು, ಮುಂದೆ ಬರೆಯಲೋ ಬೇಡವೋ ಎಂದು ಮೊನ್ನೆ ಅಕ್ಕನನ್ನೇ ಕೇಳಿದೆ. ಒಮ್ಮೆ ಊರಿಗೆ ಹಂಚಿದ್ದನ್ನು ಎರಡನೆಯ ಸಲ ಹಂಚಲು ನನಗೇನು ಹಕ್ಕು? ಅಕ್ಕ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ಬರೆಯೋದಾದ್ರೆ ಪೂರ್ತಿ ಬರಿ. ಅವತ್ತು ನೀನು ಅರ್ಧ ಹೇಳಿದ್ದಕ್ಕೇ ಅವರೆಲ್ಲ ನಕ್ಕಿದ್ದು."

ಉಳಿದ ಅರ್ಧ ಇದು. ಆ ಮನೆಗಳ ಮುಂದಿನ ದಾರಿಗೆಲ್ಲ ಆಗ ಕಿಟ್ಟವನ್ನೇ ಹರಡಿದ್ದರು. ಅಕ್ಕ ಬರಿಗಾಲಿನಲ್ಲಿ ಅದರ ಮೇಲೆ ಹೊಳೆಗೆ ಹೋಗಿ ಕೊಡ ತುಂಬಿ ತರುತ್ತಿದ್ದಳು, ದಿನಕ್ಕೆ ಎಷ್ಟೋ ಸಲ. ಭಾವನಿಗೆ ಕುಲುಮೆಯ ಕೆಲಸಕ್ಕೆಂದು ದಪ್ಪ ಬೂಟು ಕೊಟ್ಟಿದ್ದರು. ಅವರ ಕಾಲು ಮೆತ್ತಗಿದ್ದದ್ದು ಅದಕ್ಕೆ. ಎರಡನೆಯ ವರ್ಷದ ಪೂಜೆಯಲ್ಲಿ ಅಕ್ಕ ಅವರ ಪಾದಕ್ಕೆ ತಲೆಯಿಟ್ಟು ಏಳುವಾಗ ಅವರಿಗೆ ಅವಳ ಹಿಮ್ಮಡಿ ಕಂಡಿತಂತೆ, ಬಿರುಕಿನಲ್ಲಿ ರಕ್ತ. "ನನಗೆ ಬೂಟಿದೆ, ನನ್ನ ಕಾಲಿಗೇ ಪೂಜೆ," ಎಂದು ಅಷ್ಟೇ ಅಂದು, ಎದ್ದು ಹೋಗಿ ನೀರು ಕಾಯಿಸಿದರಂತೆ. ಆಮೇಲೆ ಕಿಟ್ಟದ ರಾಶಿಯಲ್ಲಿ ಹುಡುಕಿ ಒಂದು ತುಂಡು ತಂದು, ಚೂಪೆಲ್ಲ ಹೋಗುವವರೆಗೆ ಹೊಳೆಯ ಬಂಡೆಗೆ ತಿಕ್ಕಿ ನುಣುಪು ಮಾಡಿದರಂತೆ. ಅಮಾವಾಸ್ಯೆಗೆ ಮಾತ್ರವಲ್ಲ, ಕಾಲು ಬಿರಿದಾಗಲೆಲ್ಲ. ಕುಲುಮೆಯಲ್ಲಿ ಕಂಡದ್ದು, ಊರಿನ ಸುದ್ದಿ, ಎಲ್ಲವನ್ನೂ ಅವಳಿಗೆ ಹೇಳುತ್ತಿದ್ದದ್ದು ಆಗಲೇ ಅಂತೆ. ಕಲ್ಲು ಹಂಡೆಯ ಕೆಳಗೆ ಹೋದ ಮೇಲೆ ಅವರ ಮಾತೂ ಹೋಗಿತ್ತು. ಈ ಅರ್ಧ ಅಂದೇ ತಿಳಿದು ಚೌಡಮ್ಮನಿಗೆ ಹೇಳಿದ್ದರೆ ಅವಳು ನಗುತ್ತಿರಲಿಲ್ಲ, ಬಳೆಯೂ ಏರುತ್ತಿರಲಿಲ್ಲ.

ಒಂಬತ್ತನೆಯ ವರ್ಷ ಬಂತು. ವ್ರತದ ಕೊನೆಯ ವರ್ಷ. ಯುದ್ಧದ ಕಾಲವಾದ್ದರಿಂದ ಕಾರ್ಖಾನೆಯಲ್ಲಿ ಬಿಡುವಿಲ್ಲದ ಕೆಲಸ, ಭಾವನಿಗೆ ಅಂದು ಕಷ್ಟಪಟ್ಟು ರಜೆ ಸಿಕ್ಕಿತ್ತು. ಇದು ಮುಗಿದರೆ ಮುಂದಿನ ವರ್ಷದಿಂದ ಭಂಡಾರವಿಲ್ಲ, ನನ್ನನ್ನು ಕರೆಯುವ ನೆಪವೂ ಇಲ್ಲ. ರೈಲಿನಲ್ಲಿ ಕೂತು, ಕ್ಷಮೆ ಕೇಳಲು ಒಳ್ಳೆಯ ಮಾತುಗಳನ್ನು ಜೋಡಿಸಿಕೊಂಡೆ. ಬಹಳ ಚೆನ್ನಾಗಿ ಬಂದವು. ಅದಕ್ಕೇ ನನಗೆ ಅವುಗಳ ಮೇಲೆ ಅನುಮಾನ ಹುಟ್ಟಿತು.

ಭಂಡಾರ ಒಡೆದೆ. ಊಟವಾಯಿತು. ನಾನು ಎದ್ದು, ಹಂಡೆಯನ್ನು ಒಂದು ಕೈಯಲ್ಲಿ ವಾಲಿಸಿ, ಬುಡದ ಕಲ್ಲನ್ನು ಎಳೆದು ತೆಗೆದೆ. ಅದರ ಜಾಗಕ್ಕೆ ಒಂದು ಇಟ್ಟಿಗೆ ಚೂರು ಇಟ್ಟೆ. ಕಲ್ಲನ್ನು ತೊಳೆದು ಮಣೆಯ ಪಕ್ಕದಲ್ಲಿಟ್ಟೆ. ಹಂಡೆಯ ನೀರು ತೋಡಿ ಒಲೆಯ ಮೇಲಿಟ್ಟೆ. ಎಲೆಯ ತಟ್ಟೆ ತುಂಬಿಯೇ ಇತ್ತು.

"ಈ ಎಲೆ ಚೆನ್ನಾಗಿಲ್ಲ," ಎಂದೆ. "ಸೇತುವೆ ಹತ್ರ ಹೋಗಿ ಬರ್ತೀನಿ. ನಿಧಾನ ಆಗುತ್ತೆ."

ಹೊರಗೆ ಬಂದು ಬಾಗಿಲನ್ನು ನಾನೇ ಎಳೆದುಕೊಂಡೆ. ಹಿತ್ತಿಲ ಬಾಗಿಲನ್ನೂ ಸುತ್ತಿ ಹೋಗಿ ಎಳೆದೆ.

ಎಲೆ ಕೊಂಡು ಬಂದು ಸಾಲಿನ ತುದಿಯ ಜಗಲಿಯಲ್ಲಿ ಕೂತೆ. ತುಂತುರು ಬೀಳುತ್ತಿತ್ತು. ಚೌಡಮ್ಮ ಕೊಡ ಹೊತ್ತು ಆ ಕಡೆ ಬಂದಳು. ನನ್ನ ಗುರುತು ಹಿಡಿದಳು. ಅವಳ ಕೈಯಲ್ಲಿ ಬಳೆಗಳು ಬೇರೆ ಅಂಗಡಿಯವು.

"ಏನೋ ಬಳೆ ತಿಮ್ಮಯ್ಯ, ಅಕ್ಕನ ಮನೆ ಬಿಟ್ಟು ಇಲ್ಲಿ ಕೂತಿದೀಯ? ಬಾಗಿಲು ಬೇರೆ ಹಾಕಿದೆ. ಇವತ್ತೇನು ಕಥೆ?"

ಕೊಡ ಇಳಿಸಿ ನಿಂತಳು, ನಗಲು ತಯಾರಾಗಿ. ಕಥೆ ಗಂಟಲ ತನಕ ಬರುವುದು ನನ್ನ ಹುಟ್ಟುಗುಣ. ಅಂದೂ ಏನೇನೋ ಬಂತು, ಅವಳನ್ನು ದಾರಿ ತಪ್ಪಿಸುವ ಸುಳ್ಳು ಕಥೆಗಳೂ ಬಂದವು.

"ಮಕ್ಕಳು ಹೇಗಿದಾರೆ ಚೌಡಮ್ಮ?" ಎಂದು ಕೇಳಿದೆ.

ಅವಳು ಜಗಲಿಯ ಅಂಚಿನಲ್ಲಿ ಕೂತಳು. ಆಮೇಲೆ ಮಗಳ ಬಾಣಂತನದ ಸುದ್ದಿ ಹೇಳಿದಳು, ಬಹಳ ಹೊತ್ತು ಹೇಳಿದಳು. ನಾನು ಎಲೆಗಳನ್ನು ಒಂದೊಂದಾಗಿ ಒರೆಸುತ್ತ ಕೇಳಿದೆ. ಹೋಗುವಾಗ ಅವಳು ಕೊನೆಯ ಮನೆಯ ಬಾಗಿಲ ಕಡೆ ಒಮ್ಮೆ ನೋಡಿ ಕೊಡ ಎತ್ತಿಕೊಂಡಳು.

ಎಲೆಗಳನ್ನು ಎರಡನೆಯ ಸಲವೂ ಒರೆಸಿದ ಮೇಲೆ ಎದ್ದೆ. ಬಾಗಿಲ ಮುಂದೆ ನಿಂತು ಭಾವನ ಹಾಗೆ ಎರಡು ಸಲ ಕೆಮ್ಮಿದೆ. ಬಾಗಿಲು ತೆರೆದದ್ದು ಅಕ್ಕ. ಅವಳ ಹಿಂದೆ ನೆಲದ ಮೇಲೆ ಒದ್ದೆ ಹೆಜ್ಜೆಗಳಿದ್ದವು. ಒಳಗಿನಿಂದ ಭಾವನ ದನಿ ಕೇಳುತ್ತಿತ್ತು. ಯುದ್ಧದ ಯಾವುದೋ ಸುದ್ದಿ, ಅರ್ಧಕ್ಕೆ ನಿಂತದ್ದನ್ನು ಮುಂದುವರಿಸುತ್ತಿದ್ದರು.

ಅಕ್ಕ ಎಲೆ ಇಸಿದುಕೊಂಡಳು. ಗೂಡಿನಿಂದ ಒಂದು ಪೊಟ್ಟಣ ತೆಗೆದು, ದಾರ ಬಿಚ್ಚಿ, ಹೊಸಿಲ ಮೇಲೆ ನನ್ನ ಮುಂದೆ ಕೂತು ಕೈ ಚಾಚಿದಳು.

"ಕಥೆ ಹೇಳಬೇಡ," ಎಂದಳು. "ನೋವಾದ್ರೆ ನಾನೇ ಹೇಳ್ತೀನಿ."

ನಾನು ಅವಳ ಹೆಬ್ಬೆರಳಿನ ಬುಡ ಮಡಿಸಿ ಹಿಡಿದೆ. ಕೈ ಬಿಗಿದೇ ಇತ್ತು, ನಾನು ಕಾದೆ. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಸಡಿಲವಾಯಿತು.